ಬಣ್ಣದ ಪೆಟ್ಟಿಗೆಗೆ ಕೊಟ್ಟ ಎರಡು ತಟ್ಟೆ ಹುಳ

ಮೊನ್ನೆ ಶಿಡ್ಲಘಟ್ಟದ ಕ್ಷೌರದಂಗಡಿಯಲ್ಲಿ ಯಾರೋ ಪೇಪರು ಗಟ್ಟಿಯಾಗಿ ಓದುತ್ತಿದ್ದರು. ಇಂಗ್ಲೆಂಡಿನಲ್ಲಿ ಟೆಲಿವಿಷನ್ನಿಗೆ ಬಣ್ಣ ಬಂತಂತೆ. ಅದರ ಹಿಂದೆಯೇ ಜರ್ಮನಿ, ಫ್ರಾನ್ಸು, ರಷ್ಯಾದಲ್ಲೂ ಬಂತಂತೆ. "ಬಣ್ಣ ಅಂದ್ರೆ ಹೆಂಗಪ್ಪಾ? ಸುಣ್ಣ ಬಳ್ದಂಗೆ ಬಳ್ದಿರ್ತಾರಾ?" ಅಂತ ಕ್ಷೌರದ ಚೌಡಪ್ಪ ಕತ್ತಿ ಎತ್ತಿ ಹಿಡಿದು ಕೇಳಿದ. ಅವನ ಕತ್ತಿ ನನ್ನ ಗಂಟಲ ಹತ್ತಿರವೇ ಇತ್ತು. ಮೂಲೆಯಲ್ಲಿ ಕೂತಿದ್ದೋರು ಒಬ್ಬರು, "ಶಾಮಣ್ಣ ಜಪಾನಿಗೆ ಹೋಗಿ ಬಂದೋರಲ್ವೇ, ಅವ್ರನ್ನೇ ಕೇಳು" ಅಂದರು. ಎಲ್ಲರೂ ನನ್ನ ಕಡೆ ತಿರುಗಿದರು.

"ನೋಡಿದೀನಿ" ಅಂದೆ.

"ಎಂಗಿತ್ತು?"

"ಚೆನ್ನಾಗಿತ್ತು" ಅಂದು ಬಾಯಿ ಮುಚ್ಚಿಕೊಂಡೆ. ಆ ಸಂಗತಿ ಒಂದು ಸಲ ಬಾಯಿಬಿಟ್ಟು ಹೇಳಿ ಸಾಕಾಗಿದೆ. ಬರೆದರೆ ಯಾರೂ ಮಧ್ಯೆ ಬಾಯಿ ಹಾಕೋದಿಲ್ಲ, ಅದಕ್ಕೇ ಇಲ್ಲಿ ಬರೀತಿದೀನಿ.

ನನ್ನ ಪೂರ್ತಿ ಹೆಸರು ಮುನಿಶಾಮಪ್ಪ. ಊರು ಕೆಂಚಾರ್ಲಹಳ್ಳಿ. ಮನೆಯಲ್ಲಿ ರಾಗಿ ಹೊಲ, ಹಿಪ್ಪುನೇರಳೆ ತೋಟ, ಹಿಂದುಗಡೆ ಹುಳದ ಮನೆ. ನಾನು ಓದಿದ್ದರಿಂದ ಸರ್ಕಾರಿ ಕೆಲಸ ಸಿಕ್ಕಿತು. ಸೈಕಲ್ ತುಳಿದುಕೊಂಡು ಹಳ್ಳಿಹಳ್ಳಿಗೆ ಹೋಗಿ ರೇಷ್ಮೆ ಹುಳ ಹೇಗೆ ಸಾಕಬೇಕು ಅಂತ ಹೇಳಿಕೊಡೋ ಕೆಲಸ. ಅನುಮಾನ ನನಗೆ ಹುಟ್ಟಿನಿಂದ ಬಂದದ್ದು. ನಮ್ಮಪ್ಪ ಸ್ವಂತ ತಂಗಿ ತಂದುಕೊಟ್ಟ ಹಾಲಿಗೂ ಬೆರಳದ್ದಿ ನೋಡೋರು. ನನ್ನ ಹೆಂಡತಿ ನನಗೆ, "ನಿಮ್ಮ ಮುಂದೆ ದೇವರೇ ಬಂದು ನಿಂತ್ರೂ ಯಾವೂರು, ಯಾರ ಕಡೆಯೋರು ಅಂತ ಕೇಳ್ತೀರ" ಅಂತಾಳೆ. ಕೇಳಿದರೆ ತಪ್ಪೇನು?

ನನ್ನ ಜೊತೆ ಜಪಾನಿಗೆ ಬಂದೋರು ಶಿಡ್ಲಘಟ್ಟದ ಬಷೀರ್ ಸಾಬರು. ಅವರದು ಗೂಡು ಬೇಯಿಸಿ ನೂಲು ತೆಗೆಯೋ ಮನೆತನ. ನಮ್ಮದು ಗೂಡು ಬೆಳೆದು ಮಾರೋ ಮನೆತನ. ಮಾರೋನಿಗೂ ಕೊಳ್ಳೋನಿಗೂ ಎಷ್ಟು ನಂಬಿಕೆ ಇರುತ್ತೋ ಅಷ್ಟೇ ನಂಬಿಕೆ ನಮ್ಮಿಬ್ಬರ ನಡುವೆ. ವಿಮಾನದಲ್ಲಿ ನಾನು ನಿದ್ದೆ ಮಾಡಿದಾಗ ನನ್ನ ಚಕ್ಕುಲಿ ಡಬ್ಬ ಅವರ ಕಾಲ ಹತ್ತಿರ ಸರಿದಿತ್ತು. ಅವರು ಮುಟ್ಟಿರಲಿಲ್ಲ. ಆದರೂ ಎಣಿಸಿ ನೋಡಿದೆ.

ಹೋದದ್ದು ಮೂರು ತಿಂಗಳ ತರಬೇತಿಗೆ. ಕೊನೆಯಲ್ಲಿ ಪರೀಕ್ಷೆ: ನಾನು ನನ್ನ ಕೈಯಾರೆ ಎರಡು ತಟ್ಟೆ ಹುಳ ಸಾಕಿ ಗೂಡು ಕಟ್ಟಿಸಬೇಕು, ಆ ಗೂಡಿನಿಂದಲೇ ಬಷೀರ್ ಸಾಬರು ನೂಲು ತೆಗೀಬೇಕು. ಫಲಿತಾಂಶ ನಮ್ಮ ಆಫೀಸಿಗೆ ಹೋಗುತ್ತೆ. ಚಿಂತಾಮಣಿ ಪಕ್ಕ ಒಂದು ಹೊಸ ಸಾಕಣೆ ಕೇಂದ್ರ ತೆರೆಯೋರಿದ್ದರು. ಪಾಸಾಗಿ ಬಂದರೆ ಅದು ನನಗೆ, ಇಲ್ಲದಿದ್ದರೆ ಮತ್ತೆ ಸೈಕಲ್ಲು. ನಮ್ಮಪ್ಪ ಆಗಲೇ ಊರೆಲ್ಲ ಹೇಳಿಕೊಂಡು ಬಂದಿದ್ದರು.

ಟೋಕಿಯೋ

ಮೊದಲ ದಿನವೇ ಬೀದಿಯಲ್ಲಿ ಒಂದು ಅಂಗಡಿ ಮುಂದೆ ಗುಂಪು. ನಮ್ಮಲ್ಲಾದರೆ ಗುಂಪು ಅಂದರೆ ಜಗಳ, ಇಲ್ಲಾಂದ್ರೆ ಹಾವಾಡಿಗ. ಇಲ್ಲಿ ಸದ್ದೇ ಇಲ್ಲ. ಸೂಟು ಹಾಕಿದ ಗಂಡಸರು, ಕೈಚೀಲ ಹಿಡಿದ ಹೆಂಗಸರು ಗಾಜಿನ ಒಳಗೆ ಇಟ್ಟಿದ್ದ ಪೆಟ್ಟಿಗೆಯನ್ನ ಬಾಯಿ ಮುಚ್ಚಿಕೊಂಡು ನೋಡ್ತಿದ್ದರು. ಪೆಟ್ಟಿಗೆಯೊಳಗೆ ಒಬ್ಬಳು ಹೆಂಗಸು ಬೀಸಣಿಗೆ ಆಡಿಸುತ್ತಾ ನಿಂತಿದ್ದಳು. ಉಡುಪು ಕೆಂಪು, ಸೊಂಟದ ಪಟ್ಟಿ ಹಸಿರು, ಬೀಸಣಿಗೆ ಹಳದಿ.

ನಾನು ಆವರೆಗೆ ಕಪ್ಪು ಬಿಳುಪು ಟೆಲಿವಿಷನ್ನನ್ನೂ ನೋಡಿದೋನಲ್ಲ. ನಮ್ಮ ದೇಶದಲ್ಲಿ ಡೆಲ್ಲಿಯೊಂದರಲ್ಲಿ ಅದು ಇದೆ ಅಂತ ಕೇಳಿದ್ದೆ, ಅಷ್ಟೆ. ಆದರೂ ಬಣ್ಣ ಅಂದಕೂಡಲೇ ನನಗೆ ಹೊಳೆದುಹೋಯಿತು. ಮುರುಗಮಲ್ಲದಲ್ಲಿ ಉರುಸಿನ ಹೊತ್ತಿಗೆ ಚಿತ್ರದ ಪೆಟ್ಟಿಗೆ ಹೊತ್ತುಕೊಂಡು ಬರೋನು ಒಬ್ಬನಿದ್ದ. ಬಣ್ಣದ ಗಾಜು ಅಡ್ಡ ಇಟ್ಟು, ಅದೇ ಚಿತ್ರವನ್ನ ಒಂದು ಸಲ ಹಗಲು, ಇನ್ನೊಂದು ಸಲ ಸಂಜೆ ಅಂತ ತೋರಿಸಿ ದುಡ್ಡು ಕೀಳ್ತಿದ್ದ.

"ಗಾಜಿಗೆ ಬಣ್ಣದ ಕಾಗದ ಅಂಟಿಸಿದಾರೆ ಬಷೀರ್ ಸಾಬ್."

"ಆಕೆ ಅತ್ತಿತ್ತ ಓಡಾಡ್ತಾಳಲ್ಲ ಶಾಮಣ್ಣ. ಕಾಗದಾನೂ ಆಕೆ ಜೊತೆ ಓಡಾಡ್ತದಾ?"

ಒಳಗೆ ಹೋಗಿ ಪೆಟ್ಟಿಗೆಯ ಬೆನ್ನು ನೋಡಿಬಿಡೋಣ ಅಂತ ಹೊರಟೆ. ಅಂಗಡಿಯೋನು ಬಾಗಿ ನಮಸ್ಕಾರ ಮಾಡಿದ. ನಾನೂ ಬಾಗಿದೆ. ಅವನು ಇನ್ನೂ ಕೆಳಗೆ ಬಾಗಿದ. ನಾನು ಕಮ್ಮಿ ಏನು ಅಂತ ಇನ್ನೂ ಬಾಗಿದೆ, ತಲೆ ಹೋಗಿ ಪೆಟ್ಟಿಗೆಯ ಮೂಲೆಗೆ ಢಣ್ ಅಂತ ಬಡಿಯಿತು. ಗುಂಪಿನಲ್ಲಿ ಒಬ್ಬರೂ ನಗಲಿಲ್ಲ. ನಕ್ಕಿದ್ದರೆ ಎಷ್ಟೋ ವಾಸಿಯಿತ್ತು. ಇಷ್ಟು ಮರ್ಯಾದೆ ಕೊಡೋ ಜನ ಒಳಗೊಳಗೇ ಏನೋ ಹೂಡಿರ್ತಾರೆ ಅನ್ನಿಸಿತು.

ನಮಗೆ ದುಭಾಷಿಯಾಗಿ ಬಂದಿದ್ದೋರು ಒನೋ ಮೇಷ್ಟ್ರು. ಮೊದಲು ಶಾಲೆಯಲ್ಲಿ ಇಂಗ್ಲಿಷ್ ಹೇಳಿಕೊಡ್ತಿದ್ದರು, ಈಗ ತರಬೇತಿ ಕೇಂದ್ರದಲ್ಲಿ ಕೆಲಸ. ಅವರು ನನ್ನ ಅನುಮಾನ ತಿಳಿದು ಅಂಗಡಿಯೋನಿಗೆ ಏನೋ ಅಂದರು. ಅವನು ಖುಷಿಯಿಂದ ಒಂದು ಗುಂಡಿ ತಿರುಗಿಸಿದ. ಬೀಸಣಿಗೆ ಹೆಂಗಸಿನ ಮುಖ ಹಾಗಲಕಾಯಿ ಹಸಿರಿಗೆ ತಿರುಗಿತು. ಇನ್ನೊಂದು ಕಡೆ ತಿರುಗಿಸಿದ, ನೇರಳೆ ಹಣ್ಣಾಯಿತು. ಆಮೇಲೆ ಮೆಲ್ಲಗೆ ಮನುಷ್ಯರ ಬಣ್ಣಕ್ಕೆ ತಂದ.

"ನೋಡಿದ್ರಾ!" ಅಂದೆ. "ಬಣ್ಣ ಇರೋದು ಆಕೆ ಮೈಮೇಲಲ್ಲ, ಇವನ ಕೈಯಲ್ಲಿ."

ಒನೋ ಮೇಷ್ಟ್ರು ತಾಳ್ಮೆಯಿಂದ ವಿವರಿಸಿದರು. ಮೊದಲು ಶುರುಮಾಡಿದ್ದು ಅಮೆರಿಕದೋರು, ಅವರ ವಿಧಾನವನ್ನೇ ತಗೊಂಡು ಜಪಾನಿನೋರು ಶುರುಮಾಡಿದರು. ಯೂರೋಪಿನಲ್ಲಿ ಇನ್ನೂ ಜಗಳ. ಜರ್ಮನಿಯೋರದ್ದು ಒಂದು ವಿಧಾನ, ಫ್ರಾನ್ಸಿನೋರದ್ದು ಇನ್ನೊಂದು, ರಷ್ಯಾ ಫ್ರಾನ್ಸಿನ ಕಡೆ, ಇಂಗ್ಲೆಂಡಿನೋರು ವರ್ಷಗಟ್ಟಲೆಯಿಂದ ಪರೀಕ್ಷೆ ಮಾಡ್ತಾನೇ ಇದ್ದಾರೆ.

"ಇದರಲ್ಲಿ ಯಾರ ಬಣ್ಣ ನಿಜವಾದ್ದು?" ಅಂತ ಕೇಳಿದೆ.

"ಎಲ್ಲರದ್ದೂ" ಅಂದರು.

"ಎಲ್ಲರದ್ದೂ ನಿಜ ಆದ್ರೆ ಜಗಳ ಯಾಕೆ?"

ಒನೋ ಮೇಷ್ಟ್ರು ಬಾಯಿಗೆ ಕೈ ಅಡ್ಡ ಇಟ್ಟು ನಕ್ಕರು. ಉತ್ತರ ಇಲ್ಲದಾಗ ನಗೋರು ನಮ್ಮ ಆಫೀಸಿನಲ್ಲೂ ಬೇಕಾದಷ್ಟು ಜನ ಇದ್ದಾರೆ.

ಬೆಟ್ಟದ ಊರು, ಮೊದಲ ವಾರಗಳು

ನಮ್ಮನ್ನ ಬಿಟ್ಟದ್ದು ನಾಗಾನೋ ಸೀಮೆಯ ಒಂದು ಹಳ್ಳಿಯಲ್ಲಿ, ಕಿಯೋ ಅನ್ನೋ ಅಜ್ಜಿಯ ಮನೆಯಲ್ಲಿ. ಗಂಡ ಇಲ್ಲ. ಅಜ್ಜಿ ಮತ್ತು ಸೊಸೆ ಸೇರಿ ಮನೆತುಂಬ ಹುಳ ಸಾಕ್ತಿದ್ದರು. ಅದು ವರ್ಷದ ದೊಡ್ಡ ಬೆಳೆ, ಮನೆ ನಡೀಬೇಕಾದ್ದು ಅದರಿಂದಲೇ. ಸುತ್ತಲೂ ಹಿಪ್ಪುನೇರಳೆ ತೋಟ ನೋಡಿ ಒಂದು ಗಳಿಗೆ ನಮ್ಮ ಸೀಮೆಯ ಮಂಡಿಕಲ್ ಕಡೆ ಬಂದಂಗೆ ಆಯಿತು. ಆದರೆ ತಲೆಯೆತ್ತಿದರೆ ಬೇಸಿಗೇಲೂ ಬೆಟ್ಟದ ನೆತ್ತಿ ಮೇಲೆ ಹಿಮ!

ಹುಳದ ಮನೆಗೆ ಹೋಗೋ ಮುಂಚೆ ಅಜ್ಜಿ ನನ್ನ ಚಪ್ಪಲಿ ಬಿಡಿಸಿದರು. ಘಾಟು ವಾಸನೆಯ ಔಷಧಿ ನೀರಲ್ಲಿ ಕೈ ತೊಳೆಸಿದರು. ಬಿಳೀ ಅಂಗಿ ತೊಡಿಸಿದರು. ಹೊರಗೆ ಬಂದು ಮತ್ತೆ ಒಳಗೆ ಹೋದರೆ ಮತ್ತೆ ಕೈ ತೊಳೀಬೇಕು. ದಿನಕ್ಕೆ ಹತ್ತು ಸಲ! ನನಗೆ ರೇಗಿಹೋಯಿತು. ಊರೂರಿಗೆ ಪಾಠ ಹೇಳೋನು ನಾನು, ಒಬ್ಬನೂ ನನ್ನ ಕೈ ತೊಳೆಸಿದ್ದಿಲ್ಲ.

"ನಮ್ಮ ಮೈಬಣ್ಣ ನೋಡಿ ಈಯಮ್ಮನಿಗೆ ಅಸಹ್ಯ ಕಣ್ರೀ" ಅಂದೆ.

ಬಷೀರ್ ಸಾಬರು ಕೈ ಒರೆಸಿಕೊಳ್ತಾ, "ಆಕೆ ನಿಮ್ಮ ಎರಡರಷ್ಟು ಸಲ ತೊಳ್ಕೊತಾರೆ ಶಾಮಣ್ಣ. ಅವರ ಮೈಬಣ್ಣ ಯಾರಿಗೆ ಅಸಹ್ಯ?" ಅಂದರು. ಮಾರನೇ ದಿನ ಬೇಕೂ ಅಂತಲೇ ಲೆಕ್ಕ ಹಾಕಿದೆ. ಸಾಬರು ಹೇಳಿದ್ದು ನಿಜವಾಗಿತ್ತು. ಒಪ್ಪಿಕೊಳ್ಳಲಿಲ್ಲ.

ಊಟದ ಕಥೆ ಇನ್ನೊಂದು. ಒಂದು ಸಂಜೆ ಸಣ್ಣ ಬಟ್ಟಲಲ್ಲಿ ಕಂದು ಬಣ್ಣದ, ಹೊಳೆಯೋ, ಸಿಹಿ ಉಪ್ಪು ಬೆರೆತ ಕಾಳು ಬಡಿಸಿದರು. ಬಷೀರ್ ಸಾಬರು ಒಂದು ಬಾಯಿಗೆ ಹಾಕಿಕೊಂಡು, "ಚೆನ್ನಾಗೈತೆ, ಯಾವ ಕಾಳು?" ಅಂದರು. ನಾನು ನನ್ನ ಪದ್ಧತಿ ಪ್ರಕಾರ ಒಂದನ್ನ ಎತ್ತಿ ದೀಪಕ್ಕೆ ಹಿಡಿದೆ. ಉಂಗುರ ಉಂಗುರ ಮೈ, ಒಂದು ಕಡೆ ಚೂಪು. ಗೂಡು ಬೇಯಿಸಿ ನೂಲು ತೆಗೆದಮೇಲೆ ತೊಟ್ಟಿಯಲ್ಲಿ ಉಳಿಯುತ್ತಲ್ಲ, ಅದೇ.

"ಸಾಬ್ರೇ, ಅದು ಹುಳ."

ಬಷೀರ್ ಸಾಬರು ಎದ್ದು ಓಡಿದ ರಭಸಕ್ಕೆ ಕಾಗದದ ಬಾಗಿಲು ಹರಿದುಹೋಯಿತು. ಶಿಡ್ಲಘಟ್ಟದಲ್ಲಿ ಅವರ ಮನೆ ಹಿಂದೆ ಅದರ ರಾಶಿಯೇ ಬಿದ್ದಿರುತ್ತೆ, ಮೂಗು ಮುಚ್ಚಿಕೊಂಡು ಓಡಾಡಬೇಕು. ಅಜ್ಜಿ ಗಾಬರಿಯಾಗಿ ಅವರಿಗೆ ಬಿಸಿ ನೀರು ಕೊಟ್ಟರು. ಹರಿದ ಬಾಗಿಲಿಗೆ ಹೂವಿನ ಆಕಾರದಲ್ಲಿ ಕಾಗದ ಕತ್ತರಿಸಿ ಅಂಟಿಸಿದರು.

ಆದರೆ ಒಂದು ವಿಷಯದಲ್ಲಿ ನನಗೆ ಆ ಅಜ್ಜಿ ಹಿಡಿಸಿದರು. ನಮ್ಮ ಕಡೆ ಹುಳದ ಮನೆಗೆ ಹೊರಗಿನೋರನ್ನ ಬಿಡೋದಿಲ್ಲ. ಎಷ್ಟು ತಟ್ಟೆ ಇಟ್ಟಿದೀರ ಅಂತ ಯಾರೂ ಕೇಳೋದಿಲ್ಲ, ಕೇಳಿದರೂ ಹೇಳೋದಿಲ್ಲ. ಅದರಲ್ಲೂ ಹುಳ ಕೊನೇ ಜ್ವರ ಎದ್ದಮೇಲೆ ಸ್ವಂತ ಅಳಿಯ ಬಂದರೂ ಬಾಗಿಲಲ್ಲೇ ಮಾತು. ಹುಳ ಪೊರೆ ಬಿಡೋದಕ್ಕೆ ನಾವು ಜ್ವರ ಅಂತೀವಿ. ನಾಲ್ಕು ಜ್ವರ ಎದ್ದಮೇಲೆ ಒಂದು ವಾರ ಹಗಲೂ ರಾತ್ರಿ ಮೇಯ್ದು ಗೂಡು ಕಟ್ಟುತ್ತೆ. ಆ ವಾರ ಕಣ್ಣು ಬಿದ್ದರೆ ಬೆಳೆ ಹೋದಂಗೇ ಅಂತ ನಮ್ಮಮ್ಮ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸೋಳು. ಕಿಯೋ ಅಜ್ಜಿಯೂ ಆ ವಾರ ನೆರೆಯೋರನ್ನ ಒಳಗೆ ಬಿಡಲಿಲ್ಲ. ಹುಳದ ಮುಂದೆ ಜೋರಾಗಿ ಮಾತಾಡ್ತಿರಲಿಲ್ಲ. ಅವುಗಳನ್ನ ಬಹುವಚನ ಹಾಕಿ, ಗೌರವ ಕೊಟ್ಟು ಕರೀತಿದ್ದರು ಅಂತ ಒನೋ ಮೇಷ್ಟ್ರು ಹೇಳಿದರು.

ನನ್ನ ಎರಡು ತಟ್ಟೆ ಕಿಟಕಿ ಪಕ್ಕ ಇದ್ದವು. ಬಿಳೀ ಜಾತಿ ಹುಳ, ನಮ್ಮ ಮೈಸೂರು ಜಾತಿಗಿಂತ ದಪ್ಪ. ಹಗಲಲ್ಲಿ ನಾನು ಸೊಪ್ಪು ಹಾಕಿ ಕಿವಿಗೊಟ್ಟರೆ ಮೆಲ್ಲಗೆ ತುಂತುರು ಬಿದ್ದಂಗೆ ಸದ್ದು. ಬಷೀರ್ ಸಾಬರು ಬಾಗಿಲಲ್ಲಿ ನಿಂತು, "ಚೆನ್ನಾಗಿ ಮೇಯಿಸ್ರಪ್ಪಾ, ನನ್ನ ನೂಲು ಅದರ ಹೊಟ್ಟೇಲಿ ಐತೆ" ಅಂತಿದ್ದರು.

ಕೊನೇ ಜ್ವರ ಎದ್ದ ಐದನೇ ದಿನ

ಅವತ್ತು ಬೆಳಿಗ್ಗೆ ಊರಿನ ರೈತ ಸಂಘದ ಹಿರಿಯರೊಬ್ಬರು ಸಂಭ್ರಮದಿಂದ ಬಂದರು. ಹಿಂದೆ ಒಂದು ವ್ಯಾನು. ಟೆಲಿವಿಷನ್ನಿನೋರು. ರೈತರಿಗಾಗಿ ಬಣ್ಣದಲ್ಲಿ ಒಂದು ಕಾರ್ಯಕ್ರಮ ಮಾಡ್ತಿದ್ದಾರಂತೆ, ಹಸಿರು ಸೊಪ್ಪಿನ ಮೇಲೆ ಬಿಳೀ ಹುಳ ಇದ್ದರೆ ಬಣ್ಣ ಎದ್ದು ಕಾಣುತ್ತಂತೆ, ಅದಕ್ಕೆ ಅಜ್ಜಿಯ ಹುಳದ ಮನೆ ಬೇಕಂತೆ. ಹಿರಿಯರು ಆಗಲೇ ಒಪ್ಪಿಕೊಂಡು ಬಂದಿದ್ದರು.

ಅಜ್ಜಿ, "ಹಾಯ್, ಹಾಯ್" ಅಂದರು. ಅಂದರೆ ಆಗಲಿ, ಆಗಲಿ ಅಂತ. ಆದರೆ ತಟ್ಟೆಯ ಅಂಚು ಹಿಡಿದಿದ್ದ ಅವರ ಕೈ ನೋಡಿದೆ. ಬೆರಳು ಬಿಳಿಚಿಕೊಂಡಿದ್ದವು. ಬಾಯಲ್ಲಿ ಒಪ್ಪಿಗೆ ಕೊಟ್ಟು ಕೈಯಲ್ಲಿ ಇಲ್ಲ ಅನ್ನೋದನ್ನ ನಾನು ಹುಟ್ಟಿದಾಗಿನಿಂದ ನೋಡಿದೀನಿ. ನಮ್ಮಲ್ಲಿ ಗೂಡಿನ ವ್ಯಾಪಾರ ಬಾಯಲ್ಲಿ ಬೆಲೆ ಹೇಳದೆ, ಟವಲ್ಲಿನ ಕೆಳಗೆ ಬೆರಳು ಹಿಡಿದೇ ನಡೆಯೋದು.

ಆಳುಗಳು ದೀಪ ಇಳಿಸಿದರು. ಒಂದೊಂದು ದೀಪ ನಮ್ಮ ರಾಗಿ ಮುದ್ದೆ ಪಾತ್ರೆಯಷ್ಟು ದೊಡ್ಡದು. ಬಣ್ಣದ ಫಿಲಮ್ಮಿಗೆ ತುಂಬಾ ಬೆಳಕು ಬೇಕು ಅಂತ ಒನೋ ಮೇಷ್ಟ್ರು ಹೇಳಿದರು. ಪರೀಕ್ಷೆಗೆ ಅಂತ ಒಂದನ್ನ ಅಂಗಳದಲ್ಲಿ ಹೊತ್ತಿಸಿದರು. ನಾನು ಮೂರು ಮಾರು ದೂರ ನಿಂತಿದ್ದೆ, ಒಲೆ ಬಾಗಿಲು ತೆಗೆದಂಗೆ ಮುಖಕ್ಕೆ ಹೊಡೆಯಿತು. ಹುಳದ ಮನೆಯ ಉಷ್ಣಮಾಪಕವನ್ನ ದಿನಕ್ಕೆ ಎಷ್ಟೋ ಸಲ ನೋಡ್ತಿದ್ದ ಅಜ್ಜಿ ಈಗ ನೆಲ ನೋಡ್ತಾ ನಿಂತಿದ್ದರು.

"ಮೇಷ್ಟ್ರೇ, ಇದನ್ನ ಒಳಗೆ ಹೊತ್ತಿಸಿದ್ರೆ ಹುಳ ಉಳಿಯಲ್ಲ" ಅಂದೆ.

ಒನೋ ಮೇಷ್ಟ್ರು ಟೆಲಿವಿಷನ್ನಿನೋರನ್ನ ಕೇಳಿ ಬಂದರು. "ಸ್ವಲ್ಪ ಹೊತ್ತು ಅಷ್ಟೇ ಅಂತಾರೆ."

"ಅಜ್ಜಿ ಯಾಕೆ ಬೇಡ ಅನ್ನಲ್ಲ?"

"ಅವರು ಅನ್ನೋ ಹಾಗಿಲ್ಲ. ಊರಿನ ಮರ್ಯಾದೆ."

ಆಗ ನನಗೆ ಬಂದ ಕೋಪ ಅಷ್ಟಿಷ್ಟಲ್ಲ. ಬಿಸಿಯ ಮಾತು ನಡೆಯಲಿಲ್ಲ ಅಂತ ನಮ್ಮಮ್ಮನ ಮಾತು ತೆಗೆದೆ. "ನಮ್ಮ ದೇಶದಲ್ಲಿ ಕೊನೇ ವಾರದ ಹುಳವನ್ನ ಹೊರಗಿನೋರು ಒಬ್ಬರು ನೋಡಿದರೂ ದೃಷ್ಟಿ. ಇವರು ಇಡೀ ಜಪಾನಿಗೆ ತೋರಿಸ್ತಾರಂತೆ. ಲಕ್ಷಾಂತರ ಕಣ್ಣು ಬೀಳುತ್ತೆ. ಯಾವ ಹುಳ ತಡೆಯುತ್ತೆ? ಹೇಳಿ ಅವರಿಗೆ!" ಅಂತ ಕೂಗಾಡಿದೆ. ಒನೋ ಮೇಷ್ಟ್ರಿಗೆ ನಾಚಿಕೆ. ತಗ್ಗಿದ ದನಿಯಲ್ಲಿ ಹೇಳಿದರು. ಟೆಲಿವಿಷನ್ನಿನೋರು ಮೊದಲ ಸಲ ಮರ್ಯಾದೆ ಮರೆತು ನಕ್ಕರು. ಹಿರಿಯರೂ ನಕ್ಕರು. ಅಜ್ಜಿ ಮಾತ್ರ ತಲೆಯೆತ್ತಿ ನನ್ನನ್ನೇ ನೋಡಿದರು. ಅವರು ನಗಲಿಲ್ಲ.

ಆ ಮುಖ ನೋಡಿ ನನ್ನ ಬಾಯಿಂದ ಮಾತು ಹೊರಟೇಬಿಟ್ಟಿತು. "ಅಜ್ಜಿಯ ಹುಳ ಮುಟ್ಟಬೇಡಿ. ಬೇಕಾದ್ರೆ ನನ್ನ ಎರಡು ತಟ್ಟೆ ತಗೊಳ್ಳಿ. ಹೊರಗೆ ಸೊಪ್ಪಿನ ಕೊಟ್ಟಿಗೆಗೆ ತಂದಿಡ್ತೀನಿ. ಅಲ್ಲಿ ಜಾಗಾನೂ ದೊಡ್ಡದು, ದೀಪ ಎಷ್ಟು ಬೇಕೋ ಅಷ್ಟು ಹಚ್ಚಿ."

ಬಷೀರ್ ಸಾಬರು ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದರು. "ಶಾಮಣ್ಣ, ತಲೆ ಕೆಟ್ಟಿದ್ಯಾ? ನಿಮ್ಮ ಗೂಡಿಲ್ಲದೆ ನಾನೇನು ನೂಲು ತೆಗೀಲಿ? ಇಬ್ಬರೂ ಬರಿಗೈಲಿ ಹೋಗೋಣಾಂತೀರಾ?"

"ಮನೆತುಂಬ ಇದೆ ಸಾಬ್ರೇ ಆಯಮ್ಮಂದು. ನಮ್ಮದು ಎರಡು ತಟ್ಟೆ."

ಅವರು ನನ್ನ ಮುಖ ನೋಡಿದರು, ಕೊಟ್ಟಿಗೆ ನೋಡಿದರು, ಅಜ್ಜಿಯನ್ನ ನೋಡಿದರು. "ಯಾ ಅಲ್ಲಾ" ಅಂದು ಒಂದು ತಟ್ಟೆಯನ್ನ ತಾವೇ ಎತ್ತಿಕೊಂಡರು. ಇನ್ನೊಂದನ್ನ ನಾನು ಎತ್ತಿಕೊಂಡೆ.

ಸ್ವಲ್ಪ ಹೊತ್ತು ಅಂದೋರು ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೂ ಬಿಡಲಿಲ್ಲ. ಹಸಿರು ಸರಿ ಬರಲಿಲ್ಲ ಅಂತ ಒಂದು ಸಲ, ಬಿಳಿ ಹಳದಿಯಾಯಿತು ಅಂತ ಒಂದು ಸಲ. ಬೆಳಕಿಗೆ ಸೊಪ್ಪು ಬಾಡಿತು. ಆಗ ಒಬ್ಬನು ಹೊಳಪು ಬರಲಿ ಅಂತ ಸೊಪ್ಪಿನ ಮೇಲೆ ನೀರು ಚಿಮುಕಿಸಿದ! ಕೊನೇ ವಾರದ ಹುಳಕ್ಕೆ ಒದ್ದೆ ಸೊಪ್ಪು ಹಾಕಬಾರದು ಅಂತ ನಾನು ಎಷ್ಟು ಹಳ್ಳಿಯಲ್ಲಿ ಗಂಟಲು ಹರಿದುಕೊಂಡಿದೀನೋ. "ಬೇಡ್ರೋ! ವದ್ದುರಾ!" ಅಂತ ಕನ್ನಡ ತೆಲುಗು ಎರಡರಲ್ಲೂ ಕೂಗಿದೆ. ಅವನು ಬಾಗಿ ನಮಸ್ಕಾರ ಮಾಡಿ ಮತ್ತೆ ಚಿಮುಕಿಸಿದ.

ಇನ್ನೊಂದು ಮಾತು ಮುಚ್ಚಿಡಬಾರದು. ಮಧ್ಯೆ ಅವರು ನನ್ನನ್ನೂ ತಟ್ಟೆ ಪಕ್ಕ ನಿಲ್ಲಿಸಿದರು. ಭಾರತದೋರು ಪೇಟ ಸುತ್ತಲ್ವಾ ಅಂತ ಕೇಳಿದರು. ನಾನು ಬೂದು ಸ್ವೆಟರಿನಲ್ಲಿದ್ದೆ. ಅಜ್ಜಿಯ ಸೊಸೆಯಿಂದ ಒಂದು ಕೆಂಪು ಬಟ್ಟೆ ಈಸಿಕೊಂಡು ತಲೆಗೆ ಸುತ್ತಿದರು. ನಾನು ಸುಮ್ಮನೆ ಸುತ್ತಿಸಿಕೊಂಡೆ. ಆ ಒಂದು ಗಳಿಗೆ, ಇಡೀ ದೇಶ ನನ್ನ ಮುಖ ನೋಡುತ್ತೆ ಅಂತ ಒಳಗೊಳಗೇ ಹಿಗ್ಗಿದ್ದೂ ನಿಜ. ಹುಳ ಕೊಟ್ಟದ್ದು ಅಜ್ಜಿಗೋಸ್ಕರವೋ ಇದಕ್ಕೋಸ್ಕರವೋ ಅಂತ ಆಮೇಲೆ ನನ್ನ ಮೇಲೆ ನನಗೇ ಅನುಮಾನ ಬಂತು. ಕೊಟ್ಟಾಗ ಪೇಟದ ವಿಷಯ ಯಾರೂ ಎತ್ತಿರಲಿಲ್ಲ. ಇಷ್ಟು ಮಾತ್ರ ಆಣೆ ಮಾಡಿ ಹೇಳಬಲ್ಲೆ.

ಮೂರು ದಿನ ಆದಮೇಲೆ

ವ್ಯಾನು ಹೋದಮೇಲೆ ಹುಳಗಳನ್ನ ತಂಪಿಗೆ ತಂದೆ, ಒಣ ಸೊಪ್ಪು ಹಾಕಿದೆ, ಸುಣ್ಣದ ಪುಡಿ ಉದುರಿಸಿದೆ. ಮಾರನೇ ದಿನ ಮೇವು ಕಮ್ಮಿಯಾಯಿತು. ಅದರ ಮಾರನೇ ದಿನ ಮೈ ಮೆತ್ತಗಾಗಿ ಬಾಯಿಂದ ನೀರು ಬಂತು. ನಮ್ಮ ಕಡೆ ಇದಕ್ಕೆ ಸಪ್ಪೆ ರೋಗ ಅಂತೀವಿ. ಬಿಸಿಗೂ ಒದ್ದೆ ಸೊಪ್ಪಿಗೂ ಬರೋದು. ಮೂರನೇ ದಿನ ಒಂದೊಂದಾಗಿ ಕಪ್ಪಗಾದವು. ಒಂದೂ ಗೂಡು ಕಟ್ಟಲಿಲ್ಲ.

ಪಕ್ಕದ ಕೋಣೆಯಲ್ಲಿ ಅಜ್ಜಿಯ ಹುಳಗಳು ತಲೆಯೆತ್ತಿ ನೂಲು ಬಿಡೋಕೆ ಶುರುಮಾಡಿದ್ದವು. ಎರಡೇ ದಿನದಲ್ಲಿ ಬಿಳೀ ಗೂಡು ಮನೆತುಂಬ. ನಾನು ಅಂಗಳದ ತುದಿಯಲ್ಲಿ ಗುಂಡಿ ತೋಡಿ ನನ್ನವನ್ನ ಮುಚ್ಚಿದೆ. ಅಳು ಬಂತು, ಅತ್ತೆ. ಹುಳಕ್ಕೆ ಅಂತ ಅತ್ತೆನೋ, ಚಿಂತಾಮಣಿಯ ಕೆಲಸ ಹೋಯಿತು ಅಂತ ಅತ್ತೆನೋ, ಎರಡೂ ಇತ್ತು.

ಗೂಡು ಬಿಡಿಸಿದ ದಿನ ಸಂಜೆ ಅಜ್ಜಿ ಒಂದು ಬುಟ್ಟಿ ತಂದು ನನ್ನ ಮುಂದಿಟ್ಟರು. ಆರಿಸಿ ಆರಿಸಿ ಹಾಕಿದ ಗೂಡು, ಸರಿಯಾಗಿ ಎರಡು ತಟ್ಟೆಯಷ್ಟು. ಮೇಲೆ ನನ್ನ ಹೆಸರಿನ ಚೀಟಿ. ಒನೋ ಮೇಷ್ಟ್ರು ತಲೆ ತಗ್ಗಿಸಿ, "ಪರೀಕ್ಷೆಗೆ ಇದನ್ನ ಕೊಡಿ ಅಂತಾರೆ. ಯಾರಿಗೂ ಗೊತ್ತಾಗಲ್ಲ" ಅಂದರು.

ಬಷೀರ್ ಸಾಬರು ಒಂದು ಗೂಡು ಎತ್ತಿ ಕಿವಿ ಹತ್ತಿರ ಅಲ್ಲಾಡಿಸಿದರು. ಕೊಳ್ಳೋನ ಕೈ, ತಡೆಯೋಕಾಗಲ್ಲ. "ತಗೊಳ್ಳಿ ಶಾಮಣ್ಣ. ಒಳ್ಳೇ ಗೂಡು."

ತಗೋಬೇಕು ಅಂತ ಎಷ್ಟು ಆಸೆಯಾಯಿತು ಅಂದರೆ, ಕೈ ಬುಟ್ಟಿ ಮೇಲಿತ್ತು. ಜನ್ಮವೆಲ್ಲ ಊರಿನೋರ ಮೇಲೆಲ್ಲ ಅನುಮಾನ ಪಟ್ಟೋನು ನಾನು. ಇದನ್ನ ಕೊಟ್ಟುಬಿಟ್ಟರೆ ಆಮೇಲೆ ಯಾರ ಮುಖ ನೋಡಿ ಅನುಮಾನ ಪಡ್ಲಿ? ನನ್ನ ಹೆಸರಿನ ಚೀಟಿ ತೆಗೆದು ಅಜ್ಜಿಯ ಹೆಸರು ಬರೆಸಿದೆ. ಆ ಗೂಡಿನಲ್ಲಿ ಬಷೀರ್ ಸಾಬರು ನೂಲು ತೆಗೀಲಿ, ಅದರಲ್ಲಿ ಮೋಸ ಇಲ್ಲ ಅಂದೆ. ನನ್ನ ಪರೀಕ್ಷೆಯ ಕಾಗದದಲ್ಲಿ ಸೊನ್ನೆ ಬರೆದೆ. ಅಜ್ಜಿ ನನಗೆ ಬಾಗಿ ನಮಸ್ಕಾರ ಮಾಡಿದರು. ನಾನೂ ಬಾಗಿದೆ, ಇಬ್ಬರೂ ಎಷ್ಟೋ ಹೊತ್ತು ಏಳಲಿಲ್ಲ.

ಪೇಟೆಯ ಅಂಗಡಿ

ಕಾರ್ಯಕ್ರಮ ಬರೋ ದಿನ ಹಿರಿಯರು ಊರಿನ ಎಲ್ಲರನ್ನೂ ಪೇಟೆಗೆ ಕರೆದುಕೊಂಡು ಹೋದರು. ಆ ಸೀಮೆಯಲ್ಲಿ ಬಣ್ಣದ ಪೆಟ್ಟಿಗೆ ಇದ್ದದ್ದು ಒಂದೇ ಅಂಗಡಿಯಲ್ಲಿ. ಅಜ್ಜಿ ಒಳ್ಳೇ ಉಡುಪು ಉಟ್ಟು ಬಂದಿದ್ದರು. ಬೆಂಚು ಹಾಕಿ ನಮ್ಮನ್ನ ಮುಂದೆ ಕೂಡಿಸಿದರು.

ಬಂತು. ಹಸಿರು ಸೊಪ್ಪು, ಅದರ ಮೇಲೆ ನನ್ನ ಹುಳ. ನಾನು ಕಣ್ಣು ಕಿರಿದು ಮಾಡಿ ತಪ್ಪು ಹುಡುಕಿದೆ. ಒಂದೂ ಇರಲಿಲ್ಲ. ಸೊಪ್ಪಿನ ಎಳೆಯ ತುದಿಯ ತಿಳಿ ಹಸಿರು, ಬಲಿತ ಎಲೆಯ ಕಡು ಹಸಿರು, ಹುಳದ ಮೈಯ ಹಾಲು ಬಿಳುಪು, ಬೆನ್ನ ಮೇಲಿನ ಕಂದು ಗೆರೆ, ಎಲ್ಲ ಇದ್ದದ್ದು ಇದ್ದಂಗೇ. ಟೋಕಿಯೋದ ಅಂಗಡಿಯೋನಿಗೆ ಮನಸ್ಸಿನಲ್ಲೇ ಕ್ಷಮೆ ಕೇಳಿದೆ. ಬಣ್ಣ ಸುಳ್ಳಲ್ಲ.

ಆಮೇಲೆ ಹುಳಗಳು ತಲೆಯೆತ್ತಿದವು. ಒಂದು, ಎರಡು, ತಟ್ಟೆಯಲ್ಲಿದ್ದವೆಲ್ಲ ಮುಂಗಾಲು ಎತ್ತಿ ಆ ಕಡೆ ಈ ಕಡೆ ತೂಗಿದವು. ಅಂಗಡಿಯಲ್ಲಿದ್ದ ಜನ "ಹಾ!" ಅಂತ ಉದ್ಗಾರ ತೆಗೆದರು. ಒಂದು ಮಗು ಚಪ್ಪಾಳೆ ತಟ್ಟಿತು. ಕುಣೀತಾ ಇವೆ ಅಂತಾರೆ ಅಂತ ಒನೋ ಮೇಷ್ಟ್ರು ಹೇಳಿದರು. ಕುಣಿತ ಅಲ್ಲ ಅದು. ಬಿಸಿ ತಾಳಲಾರದೆ ನೆರಳು ಹುಡುಕ್ತಿದ್ದವು. ಆ ಅಂಗಡಿಯಲ್ಲಿ ಅದು ಗೊತ್ತಿದ್ದದ್ದು ಅಜ್ಜಿಗೆ, ಸಾಬರಿಗೆ, ನನಗೆ, ನಮಗೆ ಮೂವರಿಗೆ. ನನ್ನ ಕೆಂಪು ಪೇಟ ಬಂತು, ಜನ ನನ್ನ ಕಡೆ ತಿರುಗಿ ತಲೆಬಾಗಿದರು. ಬಷೀರ್ ಸಾಬರು ನನ್ನ ಮೊಣಕೈ ಗಟ್ಟಿಯಾಗಿ ಹಿಡಿದುಕೊಂಡರು.

ಅಜ್ಜಿ ಎದ್ದು ನಿಂತರು. ಪೆಟ್ಟಿಗೆಯ ಮುಂದೆ ಹೋಗಿ ಕೈಜೋಡಿಸಿ ಏನೋ ಅಂದರು. ಅಂಗಡಿಯೋನು ತನ್ನ ಪೆಟ್ಟಿಗೆಯನ್ನ ಹೊಗಳಿದರು ಅಂದುಕೊಂಡು ಮುಗುಳ್ನಕ್ಕ.

"ಏನಂದ್ರು ಮೇಷ್ಟ್ರೇ?"

ಒನೋ ಮೇಷ್ಟ್ರು ನನ್ನ ಕಿವಿಯ ಹತ್ತಿರ ಬಾಗಿದರು. "ನಿಮಗೆ ಕಷ್ಟ ಕೊಟ್ಟೆವು, ಕ್ಷಮಿಸಿ, ಅಂತ ಹುಳಗಳಿಗೆ ಹೇಳಿದರು."

ಶಿಡ್ಲಘಟ್ಟ

ಊರಿಗೆ ಬಂದ ವಾರಕ್ಕೆ ಆಫೀಸಿನಿಂದ ಕರೆ ಬಂತು. ಸಾಹೇಬರ ಮುಂದೆ ನನ್ನ ಸೊನ್ನೆಯ ಕಾಗದ. ಬಷೀರ್ ಸಾಬರು ಪಾಸಾಗಿದ್ದರು. ಆದರೂ ನನ್ನ ಜೊತೆ ಬಂದು ಪಕ್ಕದಲ್ಲಿ ನಿಂತರು, ಯಾರೂ ಕರೆದಿರಲಿಲ್ಲ.

"ಏನ್ರೀ ಇದು? ಒಂದೂ ಗೂಡು ಇಲ್ಲ?"

ಆದದ್ದು ಆದಂಗೆ ಹೇಳಿದೆ. ಅವರು ಕನ್ನಡಕ ತೆಗೆದರು. "ಟೆಲಿವಿಷನ್ ಬೆಳಕಿಗೆ ಹುಳ ಸತ್ತವಾ?"

"ಬಣ್ಣದ ಟೆಲಿವಿಷನ್ ಸಾರ್. ಅದಕ್ಕೆ ಬೆಳಕು ಜಾಸ್ತಿ ಬೇಕು."

"ಪೇಟ ಸುತ್ತಿಕೊಂಡು ನೀವೂ ನಿಂತಿದ್ರಾ?"

"ನಿಂತಿದ್ದೆ ಸಾರ್."

"ಇವರು ಹೇಳೋದು ಖುದಾಕಸಂ ನಿಜ ಸಾರ್" ಅಂದರು ಬಷೀರ್ ಸಾಬರು. "ನಾನೇ ಒಂದು ತಟ್ಟೆ ಹೊತ್ತುಕೊಂಡು ಹೋಗಿ ಕೊಟ್ಟೆ." ಗೂಡು ಕೊಳ್ಳೋನು ಮಾರೋನ ಪರವಾಗಿ ಆಣೆ ಹಾಕಿದ್ದನ್ನ ನಾನು ಶಿಡ್ಲಘಟ್ಟದಲ್ಲಿ ಅವತ್ತೇ ಕಂಡದ್ದು.

ಸಾಹೇಬರು ಅವರನ್ನೊಮ್ಮೆ ನನ್ನನ್ನೊಮ್ಮೆ ನೋಡಿದರು. ಪೆನ್ನಿನ ಮುಚ್ಚಳ ತೆಗೆಯುತ್ತಾ, "ಹಂಗಾದ್ರೆ ಹುಳ ಸತ್ತದ್ದನ್ನ ಆ ಟೆಲಿವಿಷನ್ನಲ್ಲಿ ತೋರಿಸಿದ್ರಾ?" ಅಂದರು.

"ಇಲ್ಲ ಸಾರ್. ಮೇಯ್ತಾ ಇದ್ದದ್ದನ್ನ ತೋರಿಸಿದ್ರು."

"ಚೆನ್ನಾಗಿದ್ವಾ?"

"ತುಂಬಾ ಚೆನ್ನಾಗಿದ್ವು ಸಾರ್."

ಅವರು ತಲೆಯಾಡಿಸಿ ಫೈಲಿನಲ್ಲಿ ಬರೆದರು: ಸಾಕಣೆ ವಿಫಲ, ಕಾರಣ ತಿಳಿದುಬಂದಿಲ್ಲ. ಫೈಲು ನನ್ನ ಕಡೆ ತಿರುಗಿಸಿ ಕೊಟ್ಟರು. ನಾನು ಪೂರ್ತಿ ಓದಿ, ಕೆಳಗೆ ಸಹಿ ಹಾಕಿದೆ.